ಬೇಸಿಗೇಲಿ ಅಲಂಕಾರದ ಮರದ ಸಸಿ ನೆಡೋದು, ಉಳಿಸ್ಕೊಳ್ಳೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಸಿಲು ಜೋರಾಗಿರುವಾಗ ಸಸಿ ನೆಟ್ಟವರು, ನೆಡೋಕೆ ಹೊರಟವರು ಸಾಮಾನ್ಯವಾಗಿ ಕೇಳೋ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಹಾಕಿದೀನಿ. ಹೂವಿನ ಮರ, ಎಲೆ ಚಂದದ ಮರ, ನೆರಳಿಗೆ ಅಂತ ಹಾಕೋ ಮರ ಎಲ್ಲಕ್ಕೂ ಇದು ಅನ್ವಯಿಸುತ್ತೆ. ಓದೋಕೆ ಮುಂಚೆ ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಯಾಕಂದ್ರೆ ಮುಂದಿನ ಉತ್ತರಗಳಲ್ಲಿ ಮುಕ್ಕಾಲು ಭಾಗ ಅದಕ್ಕೇ ಬಂದು ಸೇರುತ್ತೆ. ಹೊಸದಾಗಿ ನೆಟ್ಟ ಸಸಿಯ ಬೇರುಗಳೆಲ್ಲ ಇರೋದು ಅದು ಕುಂಡದಿಂದ ಹೊತ್ಕೊಂಡು ಬಂದ ಮಣ್ಣುಂಡೆ ಒಳಗೆ ಮಾತ್ರ. ಸುತ್ತ ಎಷ್ಟೇ ನೆಲ ನೆನೆಸಿದ್ರೂ ಆ ಉಂಡೆ ಒಣಗಿದ್ರೆ ಸಸಿ ಒಣಗುತ್ತೆ, ಅಷ್ಟೇ.

ಬೇಸಿಗೇಲಿ ಸಸಿ ನೆಡ್ಬೋದಾ, ಅಥವಾ ಮಳೆಗಾಲಕ್ಕೆ ಕಾಯ್ಬೇಕಾ?

ಕಾಯೋಕೆ ಆಗುತ್ತೆ ಅಂದ್ರೆ ಕಾಯೋದು ಒಳ್ಳೇದು. ಬಿಸಿಲು ಇಳಿದು, ನೆಲ ಇನ್ನೂ ಬೆಚ್ಚಗಿದ್ದು, ಹದ ಇರೋ ಕಾಲದಲ್ಲಿ ಬೇರು ಬೇಗ ಹರಡುತ್ತೆ, ಎಲೆ ಮೇಲೆ ಒತ್ತಡ ಕಮ್ಮಿ ಇರುತ್ತೆ. ಆದ್ರೆ ಕುಂಡದಲ್ಲೋ ಕವರ್‌ನಲ್ಲೋ ಬೆಳೆದ ಸಸಿಯನ್ನ ಬೇಸಿಗೇಲಿ ನೆಟ್ಟು ಚೆನ್ನಾಗಿ ಉಳಿಸ್ಕೊಳ್ಳೋಕೂ ಆಗುತ್ತೆ, ಅದರ ಬೇರು ಪೂರ್ತಿ ಜೊತೇಲೇ ಬರುತ್ತಲ್ಲ ಅದಕ್ಕೆ. ಮಣ್ಣಿಲ್ಲದೆ ಬರೀ ಬೇರಲ್ಲಿ ಕೊಡೋ ಸಸಿಯನ್ನ ಮಾತ್ರ ಬೇಸಿಗೇಲಿ ಖಂಡಿತ ನೆಡಬೇಡಿ. ನೆಲದಿಂದ ಅಗೆದು ಗೋಣಿ ಸುತ್ತಿರೋ ದೊಡ್ಡ ಗಿಡ ನೆಡೋದನ್ನೂ ಆದಷ್ಟು ಮುಂದಕ್ಕೆ ಹಾಕಿ, ಅಗೆಯುವಾಗಲೇ ಅದರ ಬಹುಪಾಲು ಬೇರು ಹಳೇ ಜಾಗದಲ್ಲೇ ಉಳಿದಿರುತ್ತೆ, ಉಳಿದ ಚೂರು ಬೇರು ಆ ಬಿಸಿಲಲ್ಲಿ ಅಷ್ಟು ಎಲೆಗೆ ನೀರು ಒದಗಿಸಬೇಕು ಅಂದ್ರೆ ಕಷ್ಟ.

ನಿಮ್ಮನ್ನ ನೀವು ಕೇಳ್ಕೋಬೇಕಾದ್ದು ಒಂದೇ, ಮುಂದಿನ ಎರಡು ವಾರ ದಿನಾ ನೀರು ಹಾಕೋಕೆ ಯಾರಾದ್ರೂ ಇರ್ತಾರಾ? ಇರ್ತಾರೆ ಅಂದ್ರೆ ನೆಡಿ. ಇಲ್ಲ ಅಂದ್ರೆ ಬೇಡ.

ಕಾಯೋದಾದ್ರೆ ಅಲ್ಲೀವರೆಗೂ ಕುಂಡದಲ್ಲಿ ಹೇಗೆ ಇಟ್ಕೊಳ್ಳೋದು?

ಇಲ್ಲಿ ತುಂಬಾ ಜನ ಗಮನಿಸದೇ ಇರೋದು ಕುಂಡದ ಬಿಸಿ. ಕಪ್ಪು ಪ್ಲಾಸ್ಟಿಕ್ ಕುಂಡ ಅಥವಾ ಕಪ್ಪು ಕವರ್ ನೇರ ಬಿಸಿಲಿಗಿಟ್ರೆ ಒಳಗಿನ ಮಣ್ಣು 40 ಡಿಗ್ರಿ ಸೆಲ್ಸಿಯಸ್ ದಾಟಿಬಿಡುತ್ತೆ, ಅದರಲ್ಲೂ ಪಶ್ಚಿಮದ ಬಿಸಿಲು ಬೀಳೋ ಪಕ್ಕದ ಬೇರು ಸುಟ್ಟು ಕಂದಾಗುತ್ತೆ. ಮೇಲೆ ನೋಡಿದ್ರೆ ಗಿಡ ಹಸಿರಾಗೇ ಇರುತ್ತೆ, ಆದ್ರೆ ಅರ್ಧ ಬೇರು ಹೋಗಿರುತ್ತೆ. ಅದಕ್ಕೆ ಕುಂಡನ ಮಧ್ಯಾಹ್ನದ ಮೇಲೆ ನೆರಳು ಬರೋ ಕಡೆ ಇಡಿ, ಸಿಮೆಂಟ್ ನೆಲದ ಮೇಲೆ ಇಡಬೇಡಿ, ನಾಲ್ಕಾರು ಕುಂಡ ಇದ್ರೆ ಒಂದಕ್ಕೊಂದು ಒತ್ತಾಗಿ ಜೋಡಿಸಿ, ಬಿಸಿಲಿನ ಕಡೆಗೆ ಒಂದು ಗೋಣಿ ಸುತ್ತಿ. ನೀರು ದಿನಾ ಬೇಕು, ತೀರಾ ಬಿಸಿಗಾಳಿ ಇರೋ ದಿನ ಎರಡು ಸಲನೂ ಬೇಕಾಗ್ಬೋದು.

ದೊಡ್ಡ ಸಸಿ ತಗೊಂಡ್ರೆ ಬೇಗ ಮರ ಆಗಲ್ವಾ?

ಆಗುತ್ತೆ ಅನ್ನಿಸುತ್ತೆ, ಆದ್ರೆ ಬೇಸಿಗೇಲಿ ಹಾಗಾಗೋದು ಕಮ್ಮಿ. ಸಸಿ ದೊಡ್ಡದಾದಷ್ಟೂ ಎಲೆ ಜಾಸ್ತಿ, ಎಲೆ ಜಾಸ್ತಿ ಆದಷ್ಟೂ ನೀರು ಆವಿಯಾಗಿ ಹೋಗೋದು ಜಾಸ್ತಿ, ಬೇರು ಮಾತ್ರ ಅದೇ ಚಿಕ್ಕ ಉಂಡೆ ಒಳಗೆ. ದೊಡ್ಡ ಗಿಡ ಹೊಸ ನೆಲಕ್ಕೆ ಬೇರು ಬಿಡೋಕೆ ವರ್ಷಗಟ್ಟಲೆ ತಗೊಂಡು ಸುಮ್ಮನೆ ನಿಂತಿರುವಾಗ ಚಿಕ್ಕ ಸಸಿ ಬೇರು ಬಿಟ್ಟು ಬೆಳೆದು ಅದರ ಸಮಕ್ಕೆ ಬಂದಿರುತ್ತೆ. ಕಾಂಡ ಹೆಬ್ಬೆರಳಷ್ಟು ದಪ್ಪ ಇದ್ದು, ಗೂಟದ ಆಸರೆ ಬಿಚ್ಚಿದ್ರೂ ತಾನೇ ನಿಲ್ಲೋ ಸಸಿ ಆರಿಸಿ. ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿ, ಕಾಂಡ ಮತ್ತು ಮಣ್ಣು ಒಟ್ಟಿಗೆ ಅಲ್ಲಾಡ್ಬೇಕು, ಕಾಂಡ ಮಾತ್ರ ಸಡಿಲವಾಗಿ ಆಡಿದ್ರೆ ಬೇರು ಸರಿಯಾಗಿಲ್ಲ ಅಂತ ಅರ್ಥ. ಹೂ ತುಂಬ್ಕೊಂಡಿದೆ ಅಂತ ಮರುಳಾಗಿ ತರಬೇಡಿ, ಬೇರು ನೋಡಿ ತನ್ನಿ.

ಎಲ್ಲಿ ನೆಡ್ಬೇಕು?

ಮರ ಪೂರ್ತಿ ಬೆಳೆದಾಗ ಎಷ್ಟಾಗುತ್ತೋ ಅದನ್ನ ಮನಸ್ಸಲ್ಲಿಟ್ಟು ಜಾಗ ನೋಡಿ, ಈಗಿರೋ ಸಸಿಯ ಸೈಜ್ ನೋಡಿ ಅಲ್ಲ. ಗುಲ್‌ಮೊಹರ್ ಎತ್ತರಕ್ಕಿಂತ ಅಗಲಕ್ಕೇ ಹರಡುತ್ತೆ, ಬೇರೂ ಮೇಲ್ಮೇಲೇ ಹರಿದು ನೆಲಹಾಸು ಎಬ್ಬಿಸುತ್ತೆ, ಗೋಡೆ ಪಕ್ಕ ಅದನ್ನ ನೆಡೋದು ಮುಂದೆ ಕಡಿಯೋಕೇ ನೆಟ್ಟ ಹಾಗೆ. ಜಕರಂಡಕ್ಕೆ, ಕಕ್ಕೆಗೆ ಪೂರ್ತಿ ಬಿಸಿಲು ಬೇಕು, ಅರೆನೆರಳಲ್ಲಿ ಹೂ ಸರಿಯಾಗಿ ಬರಲ್ಲ. ಜಪಾನೀಸ್ ಮೇಪಲ್ ಥರದ ತೆಳು ಎಲೆಯ ಮರಕ್ಕೆ ಮಧ್ಯಾಹ್ನದ ಬಿಸಿಲು, ಬಿಸಿಗಾಳಿ ಎರಡೂ ಆಗಲ್ಲ. ತಲೆ ಮೇಲೆ ಕರೆಂಟ್ ವೈರ್, ನೆಲದಡಿ ಪೈಪು ಇದ್ಯಾ ನೋಡ್ಕೊಳ್ಳಿ. ಪಶ್ಚಿಮಕ್ಕೆ ಮುಖ ಮಾಡಿರೋ ಗೋಡೆ ಮಧ್ಯಾಹ್ನದ ಮೇಲೆ ಕಾದು ರಾತ್ರಿನೂ ಬಿಸಿ ಬಿಡ್ತಾ ಇರುತ್ತೆ, ಎಳೇ ಸಸಿಗೆ ಅದು ಒಳ್ಳೇ ಜಾಗ ಅಲ್ಲ.

ಗುಂಡಿ ಎಷ್ಟು ಆಳ ತೆಗೀಬೇಕು?

ಮಣ್ಣುಂಡೆ ಎಷ್ಟು ಎತ್ತರ ಇದ್ಯೋ ಅಷ್ಟೇ ಆಳ, ಅದಕ್ಕಿಂತ ಒಂದಿಂಚೂ ಜಾಸ್ತಿ ಬೇಡ. ಅಗಲ ಮಾತ್ರ ಉಂಡೆಯ ಎರಡರಿಂದ ಮೂರು ಪಟ್ಟು. ಆಳ ತೆಗೆದಷ್ಟೂ ಒಳ್ಳೇದು ಅಂತ ನಂಬಿರೋರು ಬಹಳ ಜನ, ಅದು ತಪ್ಪು, ಯಾಕೆ ಅಂತ ಸ್ವಲ್ಪ ವಿವರವಾಗೇ ಹೇಳ್ತೀನಿ. ಆಳ ಅಗೆದು ಮತ್ತೆ ಸಡಿಲ ಮಣ್ಣು ತುಂಬಿ ಅದರ ಮೇಲೆ ಸಸಿ ಕೂರಿಸಿದ್ರೆ, ನಾಲ್ಕು ಸಲ ನೀರು ಹಾಕೋ ಅಷ್ಟರಲ್ಲಿ ಆ ಮಣ್ಣು ಕುಸಿದು ಸಸಿನೂ ಕೆಳಗೆ ಇಳಿಯುತ್ತೆ, ಬುಡ ನೆಲದ ಮಟ್ಟಕ್ಕಿಂತ ಕೆಳಗೆ ಹೋಗುತ್ತೆ, ಸುತ್ತಲ ನೀರೆಲ್ಲ ಅಲ್ಲೇ ಬಂದು ನಿಲ್ಲುತ್ತೆ. ಮರದ ಬುಡದ ತೊಗಟೆ ಗಾಳಿಯಾಡೋ ಕಡೆ ಇರೋಕೆ ಅಂತ ಇರೋದು, ಮಣ್ಣಲ್ಲಿ ಹೂತು ಸದಾ ಒದ್ದೆಯಾಗಿದ್ರೆ ಕೊಳೆಯುತ್ತೆ. ಇದರ ಪರಿಣಾಮ ತಕ್ಷಣ ಕಾಣಲ್ಲ. ಒಂದೆರಡು ವರ್ಷ ಮಂಕಾಗಿ ಬೆಳೆದು ಆಮೇಲೆ ಯಾವುದೋ ಬೇಸಿಗೇಲಿ ಇದ್ದಕ್ಕಿದ್ದಂಗೆ ಒಣಗುತ್ತೆ, ಆಗ ಯಾರೂ ನೆಟ್ಟ ಆಳನ ಅನುಮಾನಿಸಲ್ಲ.

ಇನ್ನೂ ಒಂದು ಮಾತು. ಮರದ ಬೇರಲ್ಲಿ ಹೆಚ್ಚಿನ ಪಾಲು ಇರೋದು ನೆಲದ ಮೇಲಿನ ಒಂದೂವರೆ ಎರಡು ಅಡಿ ಒಳಗೇನೇ, ಅದು ಆಳಕ್ಕಿಂತ ಪಕ್ಕಕ್ಕೇ ಓಡೋದು ಜಾಸ್ತಿ, ಬೆಳೆದ ಮರದ ಬೇರು ಕೊಂಬೆ ಹರಡಿರೋ ಜಾಗಕ್ಕಿಂತ ಎಷ್ಟೋ ಆಚೆಗೆ ಹೋಗಿರುತ್ತೆ. ಹಾಗಾಗಿ ನಿಮ್ಮ ಶ್ರಮ ಎಲ್ಲ ಅಗಲಕ್ಕೆ ಹಾಕಿ.

ಬುಡದಲ್ಲಿ ಕಾಂಡ ಅಗಲವಾಗಿ ಬೇರಾಗಿ ಕವಲೊಡೆಯೋ ಜಾಗ ಇದ್ಯಲ್ಲ, ಅದು ನೆಟ್ಟ ಮೇಲೆ ಕಣ್ಣಿಗೆ ಕಾಣ್ಬೇಕು. ಎಷ್ಟೋ ಸಸಿಗಳಲ್ಲಿ ಆ ಜಾಗ ಕುಂಡದ ಮಣ್ಣಲ್ಲೇ ಎರಡು ಮೂರು ಇಂಚು ಹೂತಿರುತ್ತೆ, ಮೇಲಿನ ಮಣ್ಣನ್ನ ಬೆರಳಲ್ಲಿ ಕೆರೆದು ತೆಗೆದು ಅದನ್ನ ಹುಡುಕಿ, ಆ ಮಟ್ಟದಿಂದ ಅಳತೆ ತಗೊಳ್ಳಿ. ಜೇಡಿಮಣ್ಣಾದ್ರೆ ಒಂದೆರಡು ಇಂಚು ಎತ್ತರಕ್ಕೇ ಕೂರಿಸಿ.

ಗುಂಡಿಯ ಗೋಡೆ ಸನಿಕೆ ಏಟಿಗೆ ಬಟ್ಟಲಿನ ಥರ ನುಣ್ಣಗಾಗಿದ್ರೆ ಅಲ್ಲಲ್ಲಿ ಕಚ್ಚು ಹಾಕಿ ಒರಟು ಮಾಡಿ, ಇಲ್ಲಾಂದ್ರೆ ಎಳೇ ಬೇರು ಅದನ್ನ ದಾಟೋಕೆ ಒದ್ದಾಡುತ್ತೆ.

ನಮ್ಮ ಜಾಗದಲ್ಲಿ ನೀರು ನಿಲ್ಲುತ್ತಾ ಅಂತ ಮುಂಚೆನೇ ಹೇಗೆ ತಿಳ್ಕೊಳ್ಳೋದು?

ಒಂದಡಿ ಆಳದ ಗುಂಡಿಗೆ ನೀರು ತುಂಬಿಸಿ ಪೂರ್ತಿ ಇಂಗೋಕೆ ಬಿಡಿ, ಮತ್ತೆ ತುಂಬಿಸಿ ಒಂದು ಕಡ್ಡಿ ನಿಲ್ಲಿಸಿ ಗುರುತು ಮಾಡಿ. ಗಂಟೆಗೆ ಒಂದು ಇಂಚಿಗಿಂತ ಕಮ್ಮಿ ಇಳಿದ್ರೆ ಅಲ್ಲಿ ನೀರು ಸರಿಯಾಗಿ ಇಂಗಲ್ಲ. ಆಗ ಎತ್ತರದ ದಿಬ್ಬ ಮಾಡಿ ನೆಡಿ ಅಥವಾ ಜೌಗು ತಡೆಯೋ ಮರ ಹಾಕಿ.

ಕುಂಡದಿಂದ ತೆಗೆದ್ರೆ ಬೇರೆಲ್ಲ ಸುತ್ತಿ ಸುತ್ತಿ ಹಗ್ಗ ಆಗಿದೆ, ಹಾಗೇ ನೆಡ್ಬೋದಾ?

ಹಾಗೇ ನೆಡಬೇಡಿ. ಸುತ್ತಿಕೊಂಡ ಬೇರು ನೆಲಕ್ಕೆ ಹೋದ ಮೇಲೆ ತಾನಾಗೇ ನೇರ ಆಗಲ್ಲ, ಅದೇ ಸುತ್ತಲ್ಲೇ ದಪ್ಪ ಆಗ್ತಾ ಹೋಗಿ ಕೆಲವು ವರ್ಷ ಆದ್ಮೇಲೆ ಕಾಂಡವನ್ನೇ ಬಿಗೀತಾ ಬರುತ್ತೆ. ಹೊರಗಿನ ಸುತ್ತನ್ನ ಬೆರಳಲ್ಲಿ ಬಿಡಿಸೋಕೆ ನೋಡಿ, ಬಿಡಿಸೋಕೆ ಬರೋದನ್ನ ಬಿಡಿಸಿ ಹೊರಗಡೆಗೆ ಚಾಚಿ, ಬರದೇ ಇರೋದನ್ನ ಚೂಪಾದ ಚಾಕುವಿಂದ ಮೇಲಿಂದ ಕೆಳಗೆ ಮೂರ್ನಾಲ್ಕು ಕಡೆ ಸೀಳಿ, ಅಡಿಯಲ್ಲಿ ಚಾಪೆ ಥರ ಹೆಣ್ಕೊಂಡಿರೋದನ್ನ ಕತ್ತರಿಸಿ ಹಾಕಿ. ಬೇರು ಕತ್ತರಿಸೋಕೆ ಕೈ ಬರಲ್ಲ ಅಂತ ಗೊತ್ತು, ಆದ್ರೂ ಕತ್ತರಿಸಿದ ಕಡೆಯಿಂದ್ಲೇ ಹೊಸ ಬೇರು ಹೊರಗಡೆಗೆ ಹೊರಡುತ್ತೆ.

ಬೇಸಿಗೆ ಆದ್ರಿಂದ ಇಲ್ಲಿ ಸ್ವಲ್ಪ ಹಿಡಿತ ಬೇಕು. ಸಂಪಿಗೆ, ಮ್ಯಾಗ್ನೋಲಿಯಾ ಜಾತಿಯ ಮರಗಳ ಬೇರು ಮೆತ್ತಗೆ ದಪ್ಪಗೆ ಇರುತ್ತೆ, ಕೆದಕಿದ್ರೆ ಸಹಿಸಲ್ಲ, ಅವುಗಳಿಗೆ ಹೊರಗಿನ ಸುತ್ತು ಮಾತ್ರ ಮುಟ್ಟಿ. ಮತ್ತೆ ಬೇರು ಗಾಳಿಗೆ ತೆರೆದು ಇಟ್ಕೊಂಡು ಫೋನ್ ಮಾತಾಡ್ತಾ ನಿಲ್ಲಬೇಡಿ, ಬಿಸಿಲಲ್ಲಿ ಎಳೇ ಬೇರು ಕೆಲವೇ ನಿಮಿಷದಲ್ಲಿ ಒಣಗುತ್ತೆ. ಒದ್ದೆ ಗೋಣಿ ಪಕ್ಕದಲ್ಲಿ ಇರಲಿ.

ಇನ್ನು ಕವರ್, ಪ್ಲಾಸ್ಟಿಕ್ ದಾರ, ತಂತಿ, ಸಿಂಥೆಟಿಕ್ ಗೋಣಿ ಏನೇ ಇದ್ರೂ ತೆಗೆದು ಹಾಕಿ. ಕವರ್‌ಗೆ ನಾಲ್ಕು ತೂತು ಮಾಡಿ ಹಾಗೇ ಇಟ್ರೆ ಸಾಕು ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ.

ಗುಂಡಿಗೆ ಗೊಬ್ಬರ, ಕೋಕೊಪೀಟ್ (ತೆಂಗಿನ ನಾರಿನ ಪುಡಿ), ತಳಕ್ಕೆ ಜಲ್ಲಿ ಎಲ್ಲ ಹಾಕ್ಬೇಕಾ?

ಅಗೆದ ಮಣ್ಣನ್ನೇ ಹೆಂಟೆ ಒಡೆದು ವಾಪಸ್ ತುಂಬಿ. ಗುಂಡಿ ಒಳಗೆ ಮಾತ್ರ ಸೊಂಪಾದ ಮಣ್ಣು, ಆಚೆ ಗಟ್ಟಿ ಮಣ್ಣು ಇದ್ರೆ ಬೇರು ಆ ಸುಖ ಬಿಟ್ಟು ಆಚೆ ಹೋಗಲ್ಲ, ಅಲ್ಲೇ ಸುತ್ತುತ್ತೆ, ಜೊತೆಗೆ ಎರಡು ಥರದ ಮಣ್ಣು ಸೇರೋ ಕಡೆ ನೀರಿನ ಓಡಾಟನೂ ಕೆಡುತ್ತೆ. ಜಲ್ಲಿ ಹಾಕಿದ್ರೆ ನೀರು ಬೇಗ ಇಳಿಯುತ್ತೆ ಅನ್ನೋದೂ ಸುಳ್ಳು, ಸಣ್ಣ ಕಣದ ಮಣ್ಣಲ್ಲಿರೋ ನೀರು ಕೆಳಗಿನ ಜಲ್ಲಿ ಪದರಕ್ಕೆ ಸುಲಭವಾಗಿ ಇಳಿಯಲ್ಲ, ಮಣ್ಣು ಪೂರ್ತಿ ನೆನೆದು ತುಂಬೋವರೆಗೂ ಅದರ ಮೇಲೇ ನಿಲ್ಲುತ್ತೆ, ಅಂದ್ರೆ ಬೇರಿನ ಹತ್ರಾನೇ ಜೌಗು ಆಗುತ್ತೆ. ಕಾಂಪೋಸ್ಟ್ ಇದ್ರೆ ನೆಲದ ಮೇಲೆ ತೆಳ್ಳಗೆ ಹರಡಿ, ಎರೆಹುಳು ಮಳೆನೀರು ಸೇರಿ ಕೆಳಗಿಳಿಸ್ತವೆ.

ದಿನದ ಯಾವ ಹೊತ್ತಲ್ಲಿ ನೆಡೋದು?

ಸಂಜೆ. ರಾತ್ರಿಯಿಡೀ ಸುಧಾರಿಸ್ಕೊಳ್ಳೋಕೆ ಟೈಮ್ ಸಿಗುತ್ತೆ. ಮೋಡದ ದಿನ ಸಿಕ್ಕಿದ್ರೆ ಇನ್ನೂ ಒಳ್ಳೇದು. ನೆಡೋಕೆ ಒಂದೆರಡು ಗಂಟೆ ಮುಂಚೆ ಕುಂಡ ಸಮೇತ ಬಕೆಟ್ ನೀರಲ್ಲಿ ಮುಳುಗಿಸಿಡಿ, ಗುಳ್ಳೆ ಬರೋದು ನಿಂತ ಮೇಲೆ ತೆಗೆದು ನೀರು ಬಸಿಯೋಕೆ ಬಿಡಿ. ಇದನ್ನ ತಪ್ಪಿಸಬೇಡಿ. ಪೂರ್ತಿ ಒಣಗಿದ ಕೋಕೊಪೀಟ್, ಪೀಟ್ (ಜೌಗಿನ ಕೊಳೆತ ಪಾಚಿ) ಇರೋ ಮಿಶ್ರಣ ನೀರನ್ನ ಒಳಗೇ ಬಿಟ್ಕೊಳ್ಳಲ್ಲ, ನೆಟ್ಟ ಮೇಲೆ ನೀವು ಹಾಕಿದ್ದೆಲ್ಲ ಉಂಡೆ ಪಕ್ಕದಿಂದ ಜಾರಿ ಹೋಗುತ್ತೆ. ಮಣ್ಣು ಅರ್ಧ ತುಂಬಿದಾಗ ಒಂದು ಸಲ ನೀರು ಬಿಟ್ಟು ಕೂರೋಕೆ ಬಿಡಿ, ಆಮೇಲೆ ಉಳಿದದ್ದು ತುಂಬಿ. ಕಾಲಲ್ಲಿ ತುಳಿದು ಗಟ್ಟಿ ಮಾಡಬೇಡಿ.

ನೀರು ಎಷ್ಟು ಹಾಕ್ಬೇಕು, ಎಷ್ಟು ದಿನಕ್ಕೊಮ್ಮೆ?

ಎಲ್ಲರೂ ಕೇಳೋದು ಇದನ್ನೇ, ಸಸಿ ಉಳಿಯೋದು ಹೋಗೋದು ನಿರ್ಧಾರ ಆಗೋದೂ ಇಲ್ಲೇ. ಒಂದು ಅಂದಾಜು ಹೇಳ್ತೀನಿ: ಕಾಂಡ ಒಂದು ಇಂಚು ದಪ್ಪ ಇದ್ರೆ ಸಲಕ್ಕೆ 5 ರಿಂದ 6 ಲೀಟರ್, ಎರಡು ಇಂಚಾದ್ರೆ 10 ರಿಂದ 12 ಲೀಟರ್. ಮೊದಲ ಎರಡು ವಾರ ದಿನಾ. ಆಮೇಲೆ ಮೂರು ತಿಂಗಳು ಆಗೋವರೆಗೂ ಎರಡು ಮೂರು ದಿನಕ್ಕೊಂದ್ಸಲ. ಅಲ್ಲಿಂದ ಮುಂದೆ ವಾರಕ್ಕೊಂದ್ಸಲ, ಬೇರು ಊರಿಕೊಳ್ಳೋವರೆಗೂ. ಮರಳು ಮಣ್ಣಾದ್ರೆ ಇನ್ನೂ ಬೇಗ ಬೇಗ, ಜೇಡಿಮಣ್ಣಾದ್ರೆ ಇನ್ನೂ ಅಂತರ ಬಿಟ್ಟು.

ಆದ್ರೆ ಲೆಕ್ಕಕ್ಕಿಂತ ಬೆರಳನ್ನ ನಂಬಿ. ಬುಡದ ಹತ್ರ, ಅಂದ್ರೆ ಕಾಂಡದಿಂದ ಒಂದು ಗೇಣು ದೂರದೊಳಗೆ, ಹೊದಿಕೆ (ನೆಲದ ಮೇಲೆ ಹರಡಿರೋ ತರಗೆಲೆ, ಒಣಹುಲ್ಲು) ಸರಿಸಿ ಬೆರಳನ್ನ ಎರಡನೇ ಗೆಣ್ಣಿನವರೆಗೂ ಮಣ್ಣುಂಡೆ ಒಳಗೆ ಇಳಿಸಿ. ತಂಪಾಗಿ, ಬೆರಳಿಗೆ ಸ್ವಲ್ಪ ಮಣ್ಣು ಅಂಟ್ಕೊಂಡು ಬಂದ್ರೆ ಇವತ್ತು ನೀರು ಬೇಡ. ಪುಡಿಪುಡಿಯಾಗಿ ಉದುರಿದ್ರೆ ಬೇಕು. ಹಿಂಡಿದ್ರೆ ನೀರು ಬರೋ ಹಾಗಿದ್ರೆ, ಅಥವಾ ಕೊಳೆತ ವಾಸನೆ ಬಂದ್ರೆ ಕೆಲವು ದಿನ ನಿಲ್ಲಿಸಿ. ಆಮೇಲೆ ಅದೇ ಬೆರಳನ್ನ ಉಂಡೆ ಆಚೆ, ನೀವು ತುಂಬಿದ ಮಣ್ಣಲ್ಲೂ ಇಳಿಸಿ ನೋಡಿ. ಎರಡೂ ಕಡೆ ಬೇರೆ ಬೇರೆ ಹದ ಇರೋದು ನಿಮಗೇ ಗೊತ್ತಾಗುತ್ತೆ, ಹೊರಗೆ ಚೆನ್ನಾಗಿ ತೇವ ಇದ್ದು ಒಳಗಿನ ಉಂಡೆ ಒಣ ಸೌದೆ ಆಗಿರೋದು ಬೇಸಿಗೇಲಿ ತುಂಬಾ ಸಾಮಾನ್ಯ. ಕುಂಡದ ಮಿಶ್ರಣ ಹಗುರ, ಬೇಗ ಬಸಿಯುತ್ತೆ, ಗಿಡ ಕುಡಿಯೋದೂ ಅಲ್ಲಿಂದ್ಲೇ, ಅದಕ್ಕೇ ಅದು ಮೊದಲು ಒಣಗೋದು.

ಹಾಗಾಗಿ ಪಾತಿ ಕಟ್ಟುವಾಗ ಉಂಡೆಯ ಅಂಚಿಂದ ಸ್ವಲ್ಪ ಆಚೆಗೆ ಮೂರು ನಾಲ್ಕು ಇಂಚು ಎತ್ತರದ ಬದು ಮಾಡಿ, ನೀರು ಅದರೊಳಗೆ ನಿಧಾನಕ್ಕೆ ಇಂಗಲಿ. ಪೈಪ್ ಜೋರಾಗಿ ಬಿಟ್ಟು ಎರಡು ನಿಮಿಷಕ್ಕೆ ಮುಗಿಸಿದ್ರೆ ಮೇಲಿನ ಎರಡು ಇಂಚು ಮಾತ್ರ ನೆನೆಯುತ್ತೆ. ಸಣ್ಣಗೆ ಬಿಟ್ಟು ಹದಿನೈದು ಇಪ್ಪತ್ತು ನಿಮಿಷ ಇಂಗಿಸಿ. ಮೂರ್ನಾಲ್ಕು ತಿಂಗಳಾದ ಮೇಲೆ ಪಾತಿನ ಅಗಲ ಮಾಡ್ತಾ ಬನ್ನಿ, ಬೇರು ಆಚೆ ಹೋಗೋದು ನೀರು ಇರೋ ಕಡೆಗೇ.

ಹುಲ್ಲಿಗೆ ಹಾಕಿರೋ ಸ್ಪ್ರಿಂಕ್ಲರ್ ನೀರು ಸಾಕಲ್ವಾ?

ಸಾಕಾಗಲ್ಲ. ಅದು ಹುಲ್ಲಿನ ಬೇರಿಗೆ ಸಾಕಾಗೋ ಅಷ್ಟು ಮೇಲ್ಮೇಲೆ ನೆನೆಸುತ್ತೆ, ಕಾಂಡ ಮಾತ್ರ ದಿನಾ ಒದ್ದೆ ಮಾಡುತ್ತೆ, ಅದು ಇನ್ನೊಂದು ತೊಂದರೆ. ಡ್ರಿಪ್ ಆದ್ರೆ ಒಳ್ಳೇದು, ಆದ್ರೆ ಮೊದಲ ದಿನಗಳಲ್ಲಿ ಕನಿಷ್ಠ ಎರಡು ಡ್ರಿಪ್ಪರ್ ಉಂಡೆ ಮೇಲೇನೇ ಇರ್ಬೇಕು, ಪಕ್ಕದಲ್ಲಿ ಅಲ್ಲ.

ಮಧ್ಯಾಹ್ನ ನೀರು ಹಾಕಿದ್ರೆ ಗಿಡ ಸುಟ್ಟು ಹೋಗುತ್ತಂತೆ, ನಿಜಾನಾ?

ಬೆಳಿಗ್ಗೆ ಹಾಕೋದು ಒಳ್ಳೇದು, ಆವಿಯಾಗಿ ಪೋಲಾಗೋದು ಕಮ್ಮಿ, ಹಗಲಿಗೆ ಬೇಕಾದ ನೀರು ಗಿಡದ ಕೈಲಿರುತ್ತೆ. ಆದ್ರೆ ಗಿಡ ಒಣಗಿ ಜೋತು ಬಿದ್ದಿರುವಾಗ ಸಂಜೆ ಆಗ್ಲಿ ಅಂತ ಕಾಯಬೇಡಿ, ಮಧ್ಯಾಹ್ನವೇ ಬುಡಕ್ಕೆ ಹಾಕಿ. ನುಣುಪಾದ ಎಲೆ ಮೇಲೆ ಬಿದ್ದ ನೀರಿನ ಹನಿಯಿಂದ ಎಲೆ ಸುಡಲ್ಲ. ಸುಡೋದು ಬಿಸಿಲಲ್ಲಿ ಬಿದ್ದಿರೋ ಪೈಪ್ ಒಳಗಿನ ನೀರಿಂದ, ಕೈ ಇಡೋಕಾಗದಷ್ಟು ಕಾದಿರುತ್ತೆ ಅದು. ಮೊದಲ ನೀರನ್ನ ಬೇರೆ ಕಡೆ ಬಿಟ್ಟು, ಕೈಗೆ ತಣ್ಣಗೆ ಅನ್ನಿಸಿದ ಮೇಲೆ ಸಸಿಗೆ ಹಿಡೀರಿ.

ದಿನಾ ನೀರು ಹಾಕ್ತಿದೀನಿ, ಆದ್ರೂ ಎಲೆ ಬಾಡಿದೆ, ಇನ್ನೂ ಜಾಸ್ತಿ ಹಾಕ್ಲಾ?

ಗಾಬರಿಯಾಗಿ ಬಕೆಟ್ ಎತ್ತಬೇಡಿ. ಮಧ್ಯಾಹ್ನ ಬಾಡಿ, ಮಾರನೇ ಬೆಳಿಗ್ಗೆ ಎಲೆ ನೆಟ್ಟಗಾಗಿದ್ರೆ ಅದು ಬಿಸಿಲಿಗೆ ಗಿಡ ಮಾಡ್ಕೊಳ್ಳೋ ಹೊಂದಾಣಿಕೆ, ಬೇರು ಎಳೆಯೋದಕ್ಕಿಂತ ಜೋರಾಗಿ ಎಲೆಯಿಂದ ನೀರು ಹೋಗ್ತಿರುತ್ತೆ ಅಷ್ಟೇ. ಬೆಳಗಿನ ಜಾವದಲ್ಲೂ ಬಾಡೇ ಇದ್ರೆ ಮಾತ್ರ ಚಿಂತೆ ಮಾಡ್ಬೇಕು. ಆಗ ಮತ್ತೆ ಬೆರಳು ಇಳಿಸಿ. ಒಣಗಿದ್ರೆ ನೀರು ನಿಧಾನಕ್ಕೆ ಎರಡು ಮೂರು ಸುತ್ತು ಹಾಕಿ. ಒದ್ದೆ ಇದ್ರೂ ಬಾಡಿದೆ ಅಂದ್ರೆ ಬೇರಿಗೆ ಉಸಿರಾಡೋಕೆ ಗಾಳಿ ಇಲ್ಲ, ನೀರು ಹೆಚ್ಚಾಗಿ ಬೇರು ಕೊಳೀತಿದೆ, ಅದಕ್ಕೆ ಇನ್ನೂ ನೀರು ಸುರಿದ್ರೆ ನೀವೇ ಮುಗಿಸಿದಂಗೆ. ನೀರಿಲ್ಲದೆ ಬಾಡೋದೂ ನೀರು ಜಾಸ್ತಿಯಾಗಿ ಬಾಡೋದೂ ಮೇಲಿಂದ ಒಂದೇ ಥರ ಕಾಣುತ್ತೆ, ಮಣ್ಣು ಮುಟ್ಟದೆ ಹೇಳೋಕಾಗಲ್ಲ.

ದೇವಗಣಗಿಲೆ ಥರದ ರಸಭರಿತ ಕಾಂಡದ ಮರಕ್ಕೆ ಈ ಮಾತು ಇನ್ನೂ ಮುಖ್ಯ, ಅದು ಒಣಗಿ ಸಾಯೋದಕ್ಕಿಂತ ನೀರು ಹೆಚ್ಚಾಗಿ ಕೊಳೆತು ಸಾಯೋದೇ ಜಾಸ್ತಿ. ಮೇಲೆ ಕೊಟ್ಟ ಲೆಕ್ಕ ಅದಕ್ಕೆ ಹಾಕಬೇಡಿ, ಮಣ್ಣು ಚೆನ್ನಾಗಿ ಒಣಗಿದ ಮೇಲೇ ನೀರು.

ಎಲೆ ಅಂಚು ಸುಟ್ಟಂಗೆ ಕಂದಾಗಿದೆ, ರೋಗಾನಾ?

ಬಹುತೇಕ ರೋಗ ಅಲ್ಲ. ಎಲೆಯ ತುದಿ ಮತ್ತು ಅಂಚಿಗೆ ನೀರು ಕೊನೆಗೆ ತಲುಪೋದು, ಕೊರತೆ ಆದಾಗ ಮೊದಲು ಒಣಗೋದೂ ಅಲ್ಲೇ. ಬಿಸಿಗಾಳಿ ಬೀಸೋ ಪಕ್ಕದ ಎಲೆ ಹೆಚ್ಚು ಒಣಗಿದ್ರೆ ಅನುಮಾನವೇ ಬೇಡ. ಗೊಬ್ಬರ ಹಾಕಿದ ವಾರದಲ್ಲಿ ಹೀಗಾಗಿದ್ರೆ, ಅಥವಾ ನಿಮ್ಮ ನೀರಲ್ಲಿ ಉಪ್ಪಿನಂಶ ಜಾಸ್ತಿ ಇದ್ರೆ ಅದೂ ಕಾರಣ ಆಗ್ಬೋದು. ಸುಟ್ಟ ಎಲೆ ಮತ್ತೆ ಹಸಿರಾಗಲ್ಲ, ಆದ್ರೂ ಕಿತ್ತು ಹಾಕಬೇಡಿ, ಉಳಿದ ಹಸಿರು ಭಾಗ ಇನ್ನೂ ಕೆಲಸ ಮಾಡ್ತಿರುತ್ತೆ. ಎಲೆ ಪೂರ್ತಿ ಹಳದಿಯಾಗಿ ಮೆತ್ತಗಾಗಿ ಉದುರ್ತಿದ್ರೆ ನೀರು ಹೆಚ್ಚಾಗಿರೋ ಸಾಧ್ಯತೆ ನೋಡಿ.

ಎಲ್ಲಾ ಎಲೆ ಉದುರಿಹೋಯ್ತು. ಸತ್ತೋಯ್ತಾ?

ಕಿತ್ತು ಎಸೆಯೋ ಮುಂಚೆ ಉಗುರಲ್ಲಿ ತೊಗಟೆ ಕೆರೆದು ನೋಡಿ. ಒಂದು ತೆಳು ಕೊಂಬೆ ತುದಿ ಹತ್ರ ಅಕ್ಕಿಕಾಳಷ್ಟು ಜಾಗ ಕೆರೆದ್ರೆ ಸಾಕು, ಒಳಗೆ ಹಸಿರಾಗಿ ಒದ್ದೆಯಾಗಿದ್ರೆ ಆ ಕೊಂಬೆ ಬದುಕಿದೆ. ಕಂದಾಗಿ ಒಣಗಿದ್ರೆ ಇನ್ನೂ ಕೆಳಗೆ ಬನ್ನಿ, ಕಾಂಡದಲ್ಲಿ ನೋಡಿ, ಬುಡದ ಹತ್ರ ನೋಡಿ. ಎಲ್ಲಾದ್ರೂ ಒಂದು ಕಡೆ ಹಸಿರು ಕಂಡ್ರೆ ಅಲ್ಲಿಂದ ಚಿಗುರೊಡೆಯೋ ಆಸೆ ಇದೆ. ಎಷ್ಟೋ ಮರಗಳು ಬರ ತಡೆಯೋಕೆ ಅಂತಾನೇ ಎಲೆ ಕೆಡವಿಬಿಡ್ತವೆ, ಎಲೆ ಇಲ್ಲ ಅಂದ್ರೆ ನೀರಿನ ಖರ್ಚೂ ಇಲ್ಲ. ಎಲೆ ಇಲ್ಲದ ಗಿಡಕ್ಕೆ ಮುಂಚಿನಷ್ಟು ನೀರು ಬೇಕಾಗಲ್ಲ ಅನ್ನೋದು ನೆನಪಿರಲಿ, ಮಣ್ಣು ಬರೀ ತೇವ ಇರೋ ಹಾಗೆ ನೋಡ್ಕೊಂಡು ಆರೇಳು ವಾರ ಕಾಯಿರಿ.

ಮಲ್ಚಿಂಗ್ (ಬುಡದ ಸುತ್ತ ನೆಲಕ್ಕೆ ಹೊದಿಕೆ) ಅಂದ್ರೆ ಏನು ಹಾಕ್ಬೇಕು?

ತರಗೆಲೆ, ಮರದ ಚಕ್ಕೆ, ಒಣಹುಲ್ಲು, ತೊಗಟೆ ಚೂರು, ಏನು ಸಿಗುತ್ತೋ ಅದು. ಎರಡರಿಂದ ನಾಲ್ಕು ಇಂಚು ದಪ್ಪ, ಪಾತಿ ತುಂಬ ಅಗಲಕ್ಕೆ. ಬೇಸಿಗೇಲಿ ನೀರು ಬಿಟ್ರೆ ಸಸಿಗೆ ನೀವು ಮಾಡೋ ದೊಡ್ಡ ಉಪಕಾರ ಇದೇ, ನೆಲ ತಂಪಾಗಿರುತ್ತೆ, ತೇವ ಉಳಿಯುತ್ತೆ, ಹುಲ್ಲು ಕಳೆ ಬಂದು ನೀರಿಗೆ ಪೈಪೋಟಿ ಮಾಡಲ್ಲ. ಕಾಂಡಕ್ಕೆ ಮಾತ್ರ ತಾಗಬಾರದು, ಸುತ್ತ ಮೂರ್ನಾಲ್ಕು ಇಂಚು ಖಾಲಿ ಬಿಡಿ. ಬುಡಕ್ಕೆ ಗುಡ್ಡೆ ಹಾಕಿದ್ರೆ ತೊಗಟೆ ಕೊಳೆಯುತ್ತೆ, ಇಲಿ ಗೆದ್ದಲು ಸೇರ್ಕೊಳ್ತವೆ. ಬಿಳಿ ಕಲ್ಲು, ಬೆಣಚುಕಲ್ಲು ಚಂದ ಕಾಣುತ್ತೆ ಆದ್ರೆ ಕಾದು ಎಳೇ ಸಸಿಗೆ ಬಿಸಿ ಹೊಡೆಯುತ್ತೆ, ಮೊದಲ ವರ್ಷ ಬೇಡ. ಪ್ಲಾಸ್ಟಿಕ್ ಹಾಳೆ ಯಾವತ್ತೂ ಬೇಡ.

ನೆರಳು ಬಲೆ ಕಟ್ಬೇಕಾ?

ತೀರಾ ಬಿಸಿಲಿದ್ರೆ ಮೊದಲ ಕೆಲವು ವಾರ 30 ರಿಂದ 50 ಶೇಕಡಾ ನೆರಳಿನ ಬಲೆ ಪಶ್ಚಿಮದ ಕಡೆಗೆ ಕಟ್ಟಿ, ಎಲೆಗೆ ತಾಗದ ಹಾಗೆ, ಗಾಳಿ ಆಡೋ ಹಾಗೆ. ಪೂರ್ತಿ ಮುಚ್ಚಿ ಡೇರೆ ಮಾಡಬೇಡಿ. ಆಮೇಲೆ ಒಂದೇ ದಿನ ತೆಗೆದುಬಿಡಬೇಡಿ, ದಿನಾ ಸ್ವಲ್ಪ ಸ್ವಲ್ಪ ಹೊತ್ತು ತೆರೆದು ಅಭ್ಯಾಸ ಮಾಡಿಸಿ.

ನರ್ಸರಿಯಲ್ಲಿ ಒತ್ತೊತ್ತಾಗಿ ನೆರಳಲ್ಲಿ ಬೆಳೆದ ಸಸಿಯ ಕಾಂಡ ಬಿಸಿಲೇ ಕಂಡಿರಲ್ಲ, ಬಯಲಲ್ಲಿ ನೆಟ್ಟಾಗ ಪಶ್ಚಿಮದ ಕಡೆ ತೊಗಟೆ ಸುಟ್ಟು ಸೀಳುತ್ತೆ. ನೀರಲ್ಲಿ ಬೆರೆಯೋ ಬಿಳಿ ಲೇಟೆಕ್ಸ್ ಪೇಂಟನ್ನ ಅಷ್ಟೇ ನೀರು ಸೇರಿಸಿ ತೆಳು ಮಾಡಿ ಕಾಂಡಕ್ಕೆ ಬಳಿಯಬೋದು. ಎಣ್ಣೆ ಪೇಂಟ್ ಬೇಡ. ಬುಡದ ಹತ್ರ ಇರೋ ಚಿಕ್ಕ ಚಿಕ್ಕ ಕೊಂಬೆ ಕತ್ತರಿಸದೇ ಬಿಟ್ರೂ ಕಾಂಡಕ್ಕೆ ನೆರಳಾಗುತ್ತೆ.

ಗೂಟ ಕಟ್ಟಲೇಬೇಕಾ?

ತಾನೇ ನಿಲ್ಲೋ ಸಸಿಗೆ ಬೇಡ. ಗಾಳಿಗೆ ಸ್ವಲ್ಪ ಓಲಾಡಿದ್ರೇ ಕಾಂಡ ದಪ್ಪ ಆಗೋದು, ಬೇರು ಗಟ್ಟಿ ಆಗೋದು. ಕಟ್ಟಲೇಬೇಕಾದ್ರೆ ಎರಡು ಗೂಟ ಉಂಡೆ ಆಚೆ ಹೊಡೆದು, ಅಗಲವಾದ ಬಟ್ಟೆ ಪಟ್ಟಿಯಿಂದ ಸಡಿಲವಾಗಿ, ಕಾಂಡದ ಕೆಳಗಿನ ಮೂರನೇ ಒಂದು ಭಾಗದ ಎತ್ತರದಲ್ಲಿ ಕಟ್ಟಿ. ತಂತಿ, ನೈಲಾನ್ ದಾರ ಬೇಡ. ವರ್ಷದೊಳಗೆ ಬಿಚ್ಚಿಬಿಡಿ, ಮರೆತ್ರೆ ದಾರ ತೊಗಟೆ ಒಳಗೆ ಇಳಿದುಬಿಡುತ್ತೆ.

ನೆಟ್ಟ ತಕ್ಷಣ ಕೊಂಬೆ ಸವರಿದ್ರೆ ಬೇರಿಗೆ ಭಾರ ಕಮ್ಮಿ ಆಗಲ್ವಾ?

ಇದನ್ನ ತುಂಬಾ ಜನ ಹೇಳ್ತಾರೆ. ಮುರಿದ, ಸತ್ತ, ಒಂದಕ್ಕೊಂದು ಉಜ್ಜೋ ಕೊಂಬೆ ಮಾತ್ರ ತೆಗೀರಿ. ಹೊಸ ಬೇರು ಬೆಳೆಯೋಕೆ ಬೇಕಾದ ಆಹಾರ ತಯಾರಾಗೋದು ಎಲೆಯಲ್ಲೇ, ಬೇರು ಬಿಡು ಅಂತ ಹೇಳೋ ಹಾರ್ಮೋನ್ ಹೊರಡೋದೂ ಎಳೇ ಕುಡಿಯಿಂದ್ಲೇ. ಸವರಿದ್ರೆ ಗಿಡ ಇರೋಬರೋ ಶಕ್ತಿಯನ್ನೆಲ್ಲ ಹೊಸ ಚಿಗುರಿಗೆ ಸುರಿಯುತ್ತೆ, ಆ ಎಳೇ ಚಿಗುರು ಬಿಸಿಲಿಗೆ ಮತ್ತೆ ಸುಡುತ್ತೆ. ಆಕಾರ ಕೊಡೋದು ಎರಡನೇ ವರ್ಷದ ಮೇಲೆ ನೋಡ್ಕೊಳ್ಳಿ.

ಗೊಬ್ಬರ ಯಾವಾಗ?

ಮೊದಲ ಬೇಸಿಗೇಲಿ ಬೇಡ. ರಾಸಾಯನಿಕ ಗೊಬ್ಬರ ಅಂದ್ರೆ ಉಪ್ಪು, ಮಣ್ಣಲ್ಲಿ ಉಪ್ಪು ಜಾಸ್ತಿಯಾದ್ರೆ ಬೇರಿಗೆ ನೀರು ಎಳೆಯೋದೇ ಕಷ್ಟ. ವಿಟಮಿನ್ ಬಿ1 ಹಾಕಿದ್ರೆ ಜಾಗ ಬದಲಾದ ಶಾಕ್ ಸಸಿಗೆ ಕಮ್ಮಿಯಾಗುತ್ತೆ ಅನ್ನೋದಕ್ಕೂ ಆಧಾರ ಇಲ್ಲ.

ಸಸಿ ಹೂ ಬಿಡ್ತಿದೆ, ಬಿಡೋಕೆ ಬಿಡ್ಲಾ?

ಮೊದಲ ಹೂ ಕೀಳೋಕೆ ಮನಸ್ಸಾಗಲ್ಲ, ಒಂದೆರಡು ಗೊಂಚಲು ಇರಲಿ ಬಿಡಿ. ಆದ್ರೆ ಹೂ ಬಾಡಿ ಕಾಯಿ ಕಚ್ಚೋ ಮುಂಚೆ ತೆಗೀರಿ, ಕಾಯಿಗೆ ಬೀಜಕ್ಕೆ ಹೋಗೋ ಶಕ್ತಿ ದೊಡ್ಡದು. ಗಿಡ ಸೊರಗಿದ್ರೆ ಮಾತ್ರ ಮೊಗ್ಗಲ್ಲೇ ಚಿವುಟಿ.

ಎಲೆ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕೆ, ಅಡಿಯಲ್ಲಿ ಬಲೆ ಥರ ಇದೆ, ಏನದು?

ನುಸಿ. ಬಿಸಿ ಮತ್ತು ಒಣಹವೆ ಅಂದ್ರೆ ಅದಕ್ಕೆ ಹಬ್ಬ, ನೀರು ಕಮ್ಮಿಯಾದ ಗಿಡಕ್ಕೆ ಮೊದಲು ಬರುತ್ತೆ. ಎಲೆ ಅಡಿ ಒಂದು ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿ, ಬಿದ್ದ ಧೂಳು ಓಡಾಡಿದ್ರೆ ಅದೇ. ಬೆಳಿಗ್ಗೆ ಬೆಳಿಗ್ಗೆ ಎಲೆಯ ಕೆಳಭಾಗಕ್ಕೆ ಜೋರಾಗಿ ನೀರು ಚಿಮ್ಮಿಸಿ, ಕೆಲವು ದಿನ ಬಿಡದೆ ಮಾಡಿದ್ರೆ ಬಹಳಷ್ಟು ಹತೋಟಿಗೆ ಬರುತ್ತೆ. ಬೇವಿನೆಣ್ಣೆ, ಸೋಪ್ ನೀರು ಹೊಡೆಯೋದಾದ್ರೆ ಸಂಜೆ ಮಾತ್ರ, 32 ಡಿಗ್ರಿಗಿಂತ ಜಾಸ್ತಿ ಬಿಸಿ ಇರುವಾಗ ಹೊಡೆದ್ರೆ ಎಣ್ಣೆಯೇ ಎಲೆ ಸುಡುತ್ತೆ.

ಒಂದು ವಾರ ಮನೇಲಿರಲ್ಲ, ಏನು ಮಾಡ್ಲಿ?

ನೆಟ್ಟು ಎರಡು ವಾರ ಆಗಿಲ್ಲ ಅಂದ್ರೆ ಯಾರಿಗಾದ್ರೂ ಒಪ್ಪಿಸಿ ಹೋಗಿ, ಬೇರೆ ಉಪಾಯ ಇಲ್ಲ. ಸ್ವಲ್ಪ ಊರಿಕೊಂಡಿದ್ರೆ, ಎರಡು ಮೂರು ದೊಡ್ಡ ಕ್ಯಾನ್ ತಗೊಂಡು ತಳದ ಅಂಚಲ್ಲಿ ಸೂಜಿ ತೂತು ಮಾಡಿ ನೀರು ತುಂಬಿ ಉಂಡೆ ಮೇಲೆ ಇಡಿ, ಹನಿ ಹನಿ ಇಳಿಯುತ್ತೆ. ಹೋಗೋ ಮುಂಚೆ ಒಂದು ದಿನ ಇಟ್ಟು ಎಷ್ಟು ಹೊತ್ತು ಬರುತ್ತೆ ನೋಡ್ಕೊಳ್ಳಿ. ಹೊದಿಕೆ ನಾಲ್ಕು ಇಂಚು ಮಾಡಿ, ನೆರಳು ಬಲೆ ಕಟ್ಟಿ ಹೋಗಿ.

ಬೇರು ಊರಿಕೊಂಡಿದೆ ಅಂತ ಹೇಗೆ ಗೊತ್ತಾಗುತ್ತೆ, ಯಾವಾಗಿಂದ ನೀರು ಬಿಡ್ಬೋದು?

ವರ್ಷವಿಡೀ ಬೆಚ್ಚಗಿರೋ ಹವೆಯಲ್ಲಿ ಕಾಂಡದ ಒಂದೊಂದು ಇಂಚು ದಪ್ಪಕ್ಕೂ ಕೆಲವು ತಿಂಗಳು, ಚಳಿಗಾಲ ಉದ್ದ ಇರೋ ಕಡೆ ಇಂಚಿಗೆ ಸುಮಾರು ಒಂದು ವರ್ಷ ಬೇಕಾಗುತ್ತೆ. ಗಿಡನೇ ಸುಳಿವು ಕೊಡುತ್ತೆ. ಈ ವರ್ಷದ ಚಿಗುರು ಹೋದ ವರ್ಷದ್ದಕ್ಕಿಂತ ಉದ್ದ ಬಂದಿದ್ರೆ, ಎಲೆ ಪೂರ್ತಿ ಗಾತ್ರಕ್ಕೆ ಬಂದಿದ್ರೆ, ಕಾಂಡ ಹಿಡಿದು ಅಲ್ಲಾಡಿಸಿದಾಗ ಬುಡದ ಮಣ್ಣು ಬಿರುಕು ಬಿಡದೆ ಗಟ್ಟಿಯಾಗಿ ನಿಂತಿದ್ರೆ ಬೇರು ಆಚೆ ಹೋಗಿದೆ ಅಂತ ತಿಳ್ಕೊಳ್ಳಿ. ಆಮೇಲೂ ಒಂದೇ ಸಲ ನಿಲ್ಲಿಸಬೇಡಿ, ವಾರದ ನೀರನ್ನ ಹತ್ತು ದಿನಕ್ಕೆ, ಹದಿನೈದು ದಿನಕ್ಕೆ ಅಂತ ದೂರ ಮಾಡ್ತಾ ಬನ್ನಿ, ಸಲಕ್ಕೆ ಹಾಕೋ ನೀರನ್ನ ಮಾತ್ರ ಹೆಚ್ಚು ಮಾಡಿ, ಕೊಂಬೆ ಹರಡಿರೋ ಅಂಚಿನವರೆಗೂ ಇಂಗಿಸಿ. ಎರಡನೇ ಬೇಸಿಗೇಲೂ ತೀರಾ ಬಿಸಿಗಾಳಿ ಬೀಸೋ ವಾರಗಳಲ್ಲಿ ಒಂದು ಕಣ್ಣಿಟ್ಟಿರಿ, ಬೆಳಿಗ್ಗೆ ಎಲೆ ಜೋತಿದ್ರೆ ಅವತ್ತೇ ನೀರು ಕೊಡಿ.